ಕಾಲೇಜು ನೋಡಲು ಕಾರಿನಲ್ಲಿ ಹೊರಡುವ ಮುನ್ನ: ಗೂಗಲ್ ಮೈ ಮ್ಯಾಪ್ಸ್ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಆರೆಂಟು ಕಾಲೇಜು, ನಾಲ್ಕೈದು ದಿನ, ಒಂದು ಕಾರು, ಪಕ್ಕದ ಸೀಟಿನಲ್ಲಿ ಹದಿನೇಳರ ಮಗಳೋ ಮಗನೋ. ಇಷ್ಟನ್ನು ತಲೆಯಲ್ಲೇ ಲೆಕ್ಕ ಹಾಕಿಕೊಂಡು ಹೊರಟರೆ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ದೂರದಿಂದ ತಪ್ಪುವುದು ಕಡಿಮೆ, ಹೊತ್ತಿನಿಂದ ತಪ್ಪುವುದೇ ಹೆಚ್ಚು. ದೇವಸ್ಥಾನಕ್ಕೋ ಬೆಟ್ಟಕ್ಕೋ ಹೋಗುವಾಗ ಅರ್ಧ ಗಂಟೆ ತಡವಾದರೆ ಏನೂ ಕೆಡುವುದಿಲ್ಲ. ಕ್ಯಾಂಪಸ್ ಟೂರ್ ಹಾಗಲ್ಲ. ಹೆಸರು ನೋಂದಾಯಿಸಿದ ದಿನ, ಹೇಳಿದ ಗಂಟೆಗೆ, ಹೇಳಿದ ಬಾಗಿಲಲ್ಲಿ ನಿಂತಿರಬೇಕು. ಗುಂಪು ಹೊರಟುಹೋದರೆ ನೂರಾರು ಕಿಲೋಮೀಟರ್ ಬಂದದ್ದೆಲ್ಲ ಹೊರಗಿನಿಂದ ಕಟ್ಟಡ ನೋಡುವುದಕ್ಕೆ ಮಾತ್ರ ಆಗುತ್ತದೆ.

ಇಂಥ ಪ್ರಯಾಣದ ತಯಾರಿಗೆ ಗೂಗಲ್‌ನ ಮೈ ಮ್ಯಾಪ್ಸ್ ಎಷ್ಟು ಸರಿಹೊಂದುತ್ತದೆ ಎಂಬುದು ಈ ವಿಮರ್ಶೆಯ ವಿಷಯ. ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಮನೆಯಲ್ಲಿ ಕೂತು ಯೋಜನೆ ಹಾಕುವುದಕ್ಕೆ, ಅದರಲ್ಲೂ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕುವುದಕ್ಕೆ, ಇದು ತುಂಬ ಒಳ್ಳೆಯ ಸಾಧನ. ದುಡ್ಡು ಕೊಡಬೇಕಿಲ್ಲ, ಒಂದು ಗೂಗಲ್ ಖಾತೆ ಸಾಕು. ಆದರೆ ಕಾರು ಗೇಟು ದಾಟಿದ ಮೇಲೆ ಇದೊಂದನ್ನೇ ನಂಬಿಕೊಂಡರೆ ತೊಂದರೆ ಗ್ಯಾರಂಟಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ಮೈ ಮ್ಯಾಪ್ಸ್ ಎಂದರೆ ದಿನಾ ದಾರಿ ಕೇಳುವ ಗೂಗಲ್ ಮ್ಯಾಪ್ಸ್ ಅಲ್ಲ. 2007ರ ಏಪ್ರಿಲ್‌ನಲ್ಲಿ ಶುರುವಾದ ಇದು ನಾವೇ ಪಿನ್ ಚುಚ್ಚಿ, ಗೆರೆ ಎಳೆದು, ಟಿಪ್ಪಣಿ ಬರೆದು ನಮ್ಮದೇ ನಕ್ಷೆ ಮಾಡಿಟ್ಟುಕೊಳ್ಳುವ ಜಾಗ. ಇದಕ್ಕಿದ್ದ ಆಂಡ್ರಾಯ್ಡ್ ಆ್ಯಪ್ 2021ರ ಅಕ್ಟೋಬರ್ 15ಕ್ಕೆ ನಿಂತಿತು. ಹಾಗಾಗಿ ನಕ್ಷೆ ಮಾಡುವ ಕೆಲಸವನ್ನು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಮುಗಿಸಬೇಕು. ಫೋನಿನ ಗೂಗಲ್ ಮ್ಯಾಪ್ಸ್ ಆ್ಯಪ್‌ನಲ್ಲಿ ಉಳಿಸಿಟ್ಟ ಪಟ್ಟಿಗಳಿರುವ ಪುಟದ ಕೆಳಗೆ ಹೋದರೆ ಈ ನಕ್ಷೆ ಸಿಗುತ್ತದೆ. ಅಲ್ಲಿ ನೋಡಬಹುದು, ತಿದ್ದಲಾಗುವುದಿಲ್ಲ.

ಹತ್ತು ಲೇಯರ್‌ಗಳನ್ನು ಹಂಚಿಕೊಳ್ಳುವ ಬಗೆ

ಒಂದು ನಕ್ಷೆಯಲ್ಲಿ 10 ಲೇಯರ್, ಅಂದರೆ ಒಂದರ ಮೇಲೊಂದು ಹಾಸಿದಂತಿರುವ ಪದರ, ಮಾಡಬಹುದು. ದಾರಿ ಎಳೆಯುವ ಒಂದೊಂದು ಲೇಯರ್‌ನಲ್ಲೂ ಎ ಇಂದ ಜೆ ವರೆಗೆ 10 ಜಾಗಗಳಿಗಷ್ಟೇ ಅವಕಾಶ. ಹೊಸಬರು ಇಡೀ ಪ್ರವಾಸವನ್ನು ಒಂದೇ ದಾರಿಯಲ್ಲಿ ತುಂಬಲು ಹೋಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹೊರಡುವ ಮನೆ ಒಂದು, ತಿರುಗಿ ಬರುವ ಮನೆ ಇನ್ನೊಂದು. ನಾಲ್ಕು ರಾತ್ರಿಗೆ ನಾಲ್ಕು ತಂಗುವ ಜಾಗ. ಉಳಿದದ್ದು ನಾಲ್ಕೇ. ಎಂಟು ಕಾಲೇಜು ಅದರಲ್ಲಿ ಹಿಡಿಸುವುದಿಲ್ಲ.

ದಿನಕ್ಕೊಂದು ದಾರಿಯ ಲೇಯರ್ ಮಾಡಿದರೆ ಈ ತಲೆನೋವು ಇರುವುದಿಲ್ಲ. ಹತ್ತರಲ್ಲಿ ಮೊದಲ ಮೂರನ್ನು ಪಿನ್‌ಗಳಿಗೆ ಮೀಸಲಿಡಿ: ಒಂದು ಕಾಲೇಜುಗಳಿಗೆ, ಒಂದು ತಂಗುವ ಮತ್ತು ಊಟದ ಜಾಗಗಳಿಗೆ, ಮೂರನೆಯದು ಪೂರ್ತಿ ಮಗಳ ಅಥವಾ ಮಗನ ವಶಕ್ಕೆ. ಉಳಿದ ಏಳರಲ್ಲಿ ಏಳು ದಿನದ ದಾರಿ ಹಿಡಿಸುತ್ತದೆ. ಅದಕ್ಕಿಂತ ಉದ್ದದ ಕಾಲೇಜು ಪ್ರವಾಸ ಹಾಕಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಐದನೆಯ ಕ್ಯಾಂಪಸ್ ಮುಗಿಯುವಷ್ಟರಲ್ಲಿ ಎಲ್ಲ ಗ್ರಂಥಾಲಯಗಳೂ ಒಂದೇ ಥರ ಕಾಣತೊಡಗುತ್ತವೆ. 'ಆಡ್ ಡೈರೆಕ್ಷನ್ಸ್' ಒತ್ತಿದಾಗ ಹುಟ್ಟುವ ಲೇಯರ್‌ನಲ್ಲಿ ದಾರಿ ಮಾತ್ರ ಇರುತ್ತದೆ, ಬೇರೆ ಪಿನ್ ಹಾಕಲಾಗುವುದಿಲ್ಲ. ಪಿನ್‌ಗಳಿಗೆ ಬೇರೆ ಲೇಯರ್ ಬೇಕೇ ಬೇಕು.

ಕಾಲೇಜುಗಳನ್ನು ಒಂದೊಂದಾಗಿ ಹುಡುಕಿ 'ಆಡ್ ಟು ಮ್ಯಾಪ್' ಒತ್ತುವುದಕ್ಕಿಂತ ಮೊದಲು ಒಂದು ಶೀಟ್ ಬರೆದು ಅದನ್ನು ಇಂಪೋರ್ಟ್ ಮಾಡುವುದು ಒಳ್ಳೆಯದು. ಶೀಟ್‌ನ ಕಾಲಮ್‌ಗಳು ಹೀಗಿರಲಿ: ಕಾಲೇಜಿನ ಹೆಸರು, ನೋಡಬೇಕಾದ ವಿಭಾಗ, ಅಕ್ಷಾಂಶ, ರೇಖಾಂಶ, ಟೂರ್ ದಿನ, ಶುರುವಾಗುವ ಹೊತ್ತು, ಬೇಕಾಗುವ ಒಟ್ಟು ನಿಮಿಷ, ನೋಂದಣಿ ಸ್ಥಿತಿ, ಹೋಗುವ ಮೊದಲಿನ ಆಸಕ್ತಿ 1ರಿಂದ 5, ಹೋಗಿಬಂದ ಮೇಲಿನ ಆಸಕ್ತಿ 1ರಿಂದ 5, ಕೇಳಬೇಕಾದ ಪ್ರಶ್ನೆ. ಇಂಪೋರ್ಟ್ ಮಾಡುವಾಗ ಜಾಗ ಯಾವ ಕಾಲಮ್‌ನಲ್ಲಿದೆ, ಪಿನ್‌ನ ಹೆಸರು ಯಾವ ಕಾಲಮ್‌ನಲ್ಲಿದೆ ಎಂದು ಅದು ಎರಡು ಪ್ರಶ್ನೆ ಕೇಳುತ್ತದೆ. ಅಷ್ಟು ಹೇಳಿದರೆ ಎಲ್ಲ ಪಿನ್‌ಗಳೂ ಒಟ್ಟಿಗೆ ಬಂದು ಕೂರುತ್ತವೆ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಎರಡು ವಿಷಯ ನೆನಪಿಡಬೇಕು. ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಫೈಲ್ ಮಾಡುವುದಾದರೆ ಯುಟಿಎಫ್-8 ಎಂದಿರುವ ಬಗೆಯನ್ನೇ ಆರಿಸಿ. ಬರೀ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಗೂಗಲ್ ಶೀಟ್ಸ್‌ನಲ್ಲಿ ಬರೆದು ಡ್ರೈವ್‌ನಿಂದ ನೇರ ಆರಿಸಿಕೊಂಡರೆ ಈ ಕಾಟವೇ ಇಲ್ಲ. ಎರಡನೆಯದು, ಅಕ್ಷಾಂಶ ರೇಖಾಂಶಗಳನ್ನು ಕನ್ನಡ ಅಂಕಿಯಲ್ಲಿ ಬರೆಯಬೇಡಿ. ಡಿಗ್ರಿ ಚಿಹ್ನೆಯೂ ಬೇಡ, ದಶಮಾಂಶವಷ್ಟೇ ಸಾಕು. ಎರಡು ಕಾಲಮ್ ಅದಲುಬದಲಾದರೆ ಕಾಲೇಜು ಸಮುದ್ರದ ಮಧ್ಯದಲ್ಲೋ ಇನ್ನಾವುದೋ ದೇಶದಲ್ಲೋ ಹೋಗಿ ಕೂತಿರುತ್ತದೆ. ಇಂಪೋರ್ಟ್ ಆದ ಕೂಡಲೇ ನಕ್ಷೆಯನ್ನು ಪೂರ್ತಿ ಚಿಕ್ಕದು ಮಾಡಿ ದೂರದಲ್ಲಿ ಒಂಟಿ ಪಿನ್ ಏನಾದರೂ ಇದೆಯೇ ಎಂದು ನೋಡಿ. ಜಾಗ ಸಿಗದ ಸಾಲುಗಳಿದ್ದರೆ ಅದೇ ಹೇಳುತ್ತದೆ. ತಪ್ಪು ಜಾಗ ಸಿಕ್ಕಿದ ಸಾಲುಗಳ ಬಗ್ಗೆ ಮಾತ್ರ ಸುಮ್ಮನಿರುತ್ತದೆ.

ಒಂದು ದೊಡ್ಡ ಕೊರತೆಯನ್ನೂ ಇಲ್ಲೇ ಹೇಳಬೇಕು. ಶೀಟ್‌ಗೂ ನಕ್ಷೆಗೂ ನಡುವೆ ಜೀವಂತ ನಂಟಿಲ್ಲ. ಇಂಪೋರ್ಟ್ ಎಂದರೆ ಆ ಕ್ಷಣದ ನಕಲು. ನಾಳೆ ಶೀಟ್‌ನಲ್ಲಿ ಟೂರ್ ಹೊತ್ತು ಬದಲಿಸಿದರೆ ನಕ್ಷೆಯಲ್ಲಿ ಹಳೆಯದೇ ಇರುತ್ತದೆ. ಅದಕ್ಕೇ ಒಮ್ಮೆ ಇಂಪೋರ್ಟ್ ಆದ ಮೇಲೆ ಶೀಟ್ ಮುಚ್ಚಿಟ್ಟು, ನಕ್ಷೆಯ 'ಓಪನ್ ಡೇಟಾ ಟೇಬಲ್' ತೆರೆದು ಅಲ್ಲಿಯೇ ತಿದ್ದುವ ಅಭ್ಯಾಸ ಮಾಡಿಕೊಳ್ಳಬೇಕು. ಎರಡೂ ಕಡೆ ತಿದ್ದುವ ಮನೆಯಲ್ಲಿ ತಪ್ಪು ದಿನಕ್ಕೆ ಹೋಗಿ ನಿಲ್ಲುವುದು ಖಂಡಿತ.

ಈ ಟೇಬಲ್‌ನಿಂದ ಸಿಗುವ ದೊಡ್ಡ ಲಾಭ 'ಸ್ಟೈಲ್ ಬೈ ಡೇಟಾ ಕಾಲಮ್'. ನೋಂದಣಿ ಸ್ಥಿತಿಯನ್ನು ಆರಿಸಿ, ಖಚಿತವಾದದ್ದಕ್ಕೆ ಹಸಿರು, ಕೇಳಿರುವುದಕ್ಕೆ ಹಳದಿ, ಇನ್ನೂ ಏನೂ ಮಾಡದ್ದಕ್ಕೆ ಕೆಂಪು ಕೊಡಿ. ಐದು ದಿನದ ದಾರಿಯಲ್ಲಿ ಎಲ್ಲಿ ಇನ್ನೂ ತೂತಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಅದೇ ಪಿನ್‌ಗಳ ಬಣ್ಣವನ್ನು ಆಸಕ್ತಿಯ ಅಂಕಿಗೆ ತಿರುಗಿಸಿ, ಹೆಚ್ಚಿನ ಅಂಕಿಗೆ ಹಸಿರು, ಕಡಿಮೆಗೆ ಕೆಂಪು ಕೊಟ್ಟರೆ ಇನ್ನೊಂದು ಸತ್ಯ ಕಾಣುತ್ತದೆ: ಮಗುವಿಗೆ ಮನಸ್ಸಿರುವ ಕಾಲೇಜುಗಳು ಒಂದು ದಿಕ್ಕಿಗೆ, ದೊಡ್ಡವರು ಸೇರಿಸಿದವು ಇನ್ನೊಂದು ದಿಕ್ಕಿಗೆ.

ಪಿನ್ ಚುಚ್ಚಬೇಕಾದದ್ದು ಗೇಟಿಗೆ

ಕಾಲೇಜಿನ ಹೆಸರು ಹುಡುಕಿದರೆ ಪಿನ್ ಬರುವುದು ಕ್ಯಾಂಪಸ್‌ನ ನಟ್ಟನಡುವೆಯೋ ಆಡಳಿತ ಕಟ್ಟಡದ ಮೇಲೋ. ದೊಡ್ಡ ಕ್ಯಾಂಪಸ್‌ನಲ್ಲಿ ಅಲ್ಲಿಂದ ಹೊರಗಿನವರ ಪಾರ್ಕಿಂಗ್‌ಗೆ ಒಂದು ಕಿಲೋಮೀಟರ್ ಇದ್ದರೂ ಆಶ್ಚರ್ಯವಿಲ್ಲ. ಆ ಪಿನ್ ನಂಬಿ ಹೋದರೆ ದಾರಿ ತೋರಿಸುವ ಧ್ವನಿ ಸಿಬ್ಬಂದಿಗಷ್ಟೇ ತೆರೆಯುವ ಹಿಂದಿನ ಗೇಟಿಗೆ ತಂದು ನಿಲ್ಲಿಸಬಹುದು. ಟೂರ್ ತಪ್ಪಿಹೋಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ತಡೆಯುವುದಕ್ಕೆ ಹತ್ತು ನಿಮಿಷ ಸಾಕು.

ಪ್ರತಿ ಕಾಲೇಜಿಗೂ ಎರಡು ಪಿನ್ ಹಾಕಿ: ಕಾರು ನಿಲ್ಲಿಸುವ ಜಾಗಕ್ಕೊಂದು, ಹೆಸರು ಹೇಳಿ ಒಳಗೆ ಹೋಗುವ ಬಾಗಿಲಿಗೊಂದು. ಕಾಲೇಜು ಕಳಿಸಿದ ದೃಢೀಕರಣದ ಮೇಲ್‌ನಲ್ಲಿ ಕಟ್ಟಡದ ಹೆಸರು ಇರುತ್ತದೆ. ಉಪಗ್ರಹ ಚಿತ್ರಕ್ಕೆ ಬದಲಿಸಿ ಆ ಕಟ್ಟಡ ಹುಡುಕಿ, ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂ (ರಸ್ತೆಯ ಮೇಲಿಂದ ತೆಗೆದ ಫೋಟೋ) ಇರುವ ಕಡೆ ಗೇಟಿನ ಮುಂದೆ ನಿಂತು ನೋಡಿ. ತಡೆಗಂಬ ಇದೆಯೇ, ಹೊರಗಿನವರಿಗೆ ಎಂಬ ಫಲಕ ಇದೆಯೇ, ಅದು ಏಕಮುಖ ರಸ್ತೆಯೇ ಎಂಬುದು ಗೊತ್ತಾಗುತ್ತದೆ. ಅಕ್ಷಾಂಶ ರೇಖಾಂಶ ಬರೆಯುವಾಗ ದಶಮಾಂಶದ ನಂತರ ಐದು ಅಂಕಿ ಇರಲಿ. ನಾಲ್ಕು ಅಂಕಿಯಲ್ಲಿ ಸುಮಾರು 11 ಮೀಟರ್ ಆಚೀಚೆ ಆಗುತ್ತದೆ, ಐದರಲ್ಲಿ ಸುಮಾರು ಒಂದು ಮೀಟರ್. ಎರಡು ಗೇಟು ಅಕ್ಕಪಕ್ಕ ಇರುವಾಗ ಆ 11 ಮೀಟರೇ ತಪ್ಪು ದಾರಿಗೆ ಎಳೆಯುತ್ತದೆ.

ಎರಡು ಪಿನ್‌ಗಳ ನಡುವಿನ ನಡಿಗೆಯನ್ನು ಅಳತೆಯ ಸಾಧನದಿಂದ ಅಳೆಯಿರಿ. ಅದು ಕೊಡುವುದು ನೇರ ಗೆರೆ, ಆದ್ದರಿಂದ ಕಾಲುದಾರಿ ಹೋಗುವ ಹಾಗೆ ಒಂದೊಂದು ತಿರುವಿಗೂ ಕ್ಲಿಕ್ ಮಾಡುತ್ತ ಸಾಗಬೇಕು. 800 ಮೀಟರ್ ಬಂದರೆ ಹತ್ತು ಹನ್ನೆರಡು ನಿಮಿಷದ ನಡಿಗೆ. ಆ ನಿಮಿಷಗಳನ್ನೂ ಟೇಬಲ್‌ಗೆ ಸೇರಿಸಬೇಕು.

ಹೊತ್ತಿನ ಲೆಕ್ಕ ಇದಕ್ಕೆ ಗೊತ್ತಿಲ್ಲ

ಮೈ ಮ್ಯಾಪ್ಸ್‌ನ ಅತಿ ದೊಡ್ಡ ದೌರ್ಬಲ್ಯ ಇದು. ಅದು ತೋರಿಸುವ ಪ್ರಯಾಣದ ಅವಧಿಗೆ ದಿನವೂ ಇಲ್ಲ, ಗಂಟೆಯೂ ಇಲ್ಲ. ಸೋಮವಾರ ಬೆಳಗ್ಗೆ ಎಂಟೂವರೆಗೂ ಭಾನುವಾರ ಮಧ್ಯಾಹ್ನಕ್ಕೂ ಅದೇ ಅಂಕಿ. ಕಾಲೇಜು ಟೂರ್‌ಗಳು ವಾರದ ದಿನಗಳಲ್ಲಿ, ಅದೂ ಬೆಳಗ್ಗೆ ಇರುವುದೇ ಹೆಚ್ಚು. ಊರಿನೊಳಗಿನ ಕ್ಯಾಂಪಸ್ ಆದರೆ ಕೆಲಸಕ್ಕೆ ಹೋಗುವವರ ದಟ್ಟಣೆಯ ಜೊತೆಗೇ ನುಗ್ಗಬೇಕು.

ಹಾಗಾಗಿ ದಾರಿಯ ಆಕಾರವನ್ನು ಮೈ ಮ್ಯಾಪ್ಸ್‌ನಲ್ಲಿ ಹಾಕಿ, ಅವಧಿಯನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಕೇಳಿ. ಕಂಪ್ಯೂಟರ್‌ನಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ದಾರಿ ಹಾಕಿ, 'ಲೀವ್ ನೌ' ಎಂಬಲ್ಲಿ 'ಅರೈವ್ ಬೈ' ಆರಿಸಿ, ಟೂರ್‌ನ ದಿನ ಮತ್ತು ಪಾರ್ಕಿಂಗ್ ಮುಟ್ಟಬೇಕಾದ ಹೊತ್ತನ್ನು ಕೊಡಿ. ಒಂದು ಗಂಟೆ ಹತ್ತು ನಿಮಿಷದಿಂದ ಒಂದು ಗಂಟೆ ಐವತ್ತು ನಿಮಿಷ ಎಂಬಂಥ ಉತ್ತರ ಬರುತ್ತದೆ. ದೊಡ್ಡ ಅಂಕಿಯನ್ನೇ ತೆಗೆದುಕೊಳ್ಳಬೇಕು. ನಡುವೆ ಇನ್ನೊಂದು ನಿಲುಗಡೆ ಸೇರಿಸಿದ ಕೂಡಲೇ ಈ ಹೊತ್ತಿನ ಆಯ್ಕೆ ಮಾಯವಾಗುತ್ತದೆ. ಆದ್ದರಿಂದ ಒಂದೊಂದು ತುಂಡನ್ನೂ ಬೇರೆಯಾಗಿಯೇ ಕೇಳಬೇಕು. ಎರಡೂ ಸಾಧನಗಳು ನಿಲುಗಡೆಗಳ ಕ್ರಮವನ್ನು ತಾವಾಗಿ ಜೋಡಿಸಿಕೊಡುವುದಿಲ್ಲ, ನಾವು ಕೊಟ್ಟ ಕ್ರಮದಲ್ಲೇ ಗೆರೆ ಎಳೆಯುತ್ತವೆ. ಒಂದು ಕಾಲೇಜನ್ನು ಮೇಲೆ ಕೆಳಗೆ ಎಳೆದು ಒಟ್ಟು ಕಿಲೋಮೀಟರ್ ಹೇಗೆ ಬದಲಾಗುತ್ತದೆ ಎಂದು ನೋಡುವ ಕೆಲಸ ನಮ್ಮದೇ.

ಒಂದೇ ದಿನ ಎರಡು ಕಾಲೇಜು ಸಾಧ್ಯವೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಲೆಕ್ಕ ಹೀಗೆ ಮಾಡಿ. ಬೆಳಗಿನ ಟೂರ್ 10 ಗಂಟೆಗೆ ಎಂದರೆ ಹದಿನೈದು ನಿಮಿಷ ಮೊದಲು ಬಾಗಿಲಲ್ಲಿರಬೇಕು, ಪಾರ್ಕಿಂಗ್‌ನಿಂದ ನಡೆಯುವುದಕ್ಕೆ ಇನ್ನು ಹದಿನೈದು. ಅಂದರೆ 9:30ಕ್ಕೆ ಕಾರು ನಿಂತಿರಬೇಕು. ಮಾಹಿತಿ ಸಭೆ ಮತ್ತು ಟೂರ್ ಸೇರಿ ಎರಡೂವರೆ ಗಂಟೆ ಇಟ್ಟುಕೊಂಡರೆ 12:30 ಆಯಿತು. ನಂತರದ ಒಂದು ಗಂಟೆ ಕ್ಯಾಂಪಸ್‌ನಲ್ಲೇ ಸ್ವಂತವಾಗಿ ಸುತ್ತಾಡುವುದಕ್ಕೆ, ಅಲ್ಲಿಯ ಕ್ಯಾಂಟೀನ್‌ನಲ್ಲಿ ಊಟಕ್ಕೆ. 1:30ಕ್ಕೆ ಹೊರಟರೆ ಎರಡನೆಯ ಕಾಲೇಜಿನ 3 ಗಂಟೆಯ ಟೂರ್‌ಗೆ 2:30ರೊಳಗೆ ಪಾರ್ಕಿಂಗ್ ಮುಟ್ಟಬೇಕು. ಕೈಯಲ್ಲಿರುವುದು ಒಂದೇ ಗಂಟೆ. ಮೈ ಮ್ಯಾಪ್ಸ್ ಹೇಳಿದ ಅವಧಿಗೆ ಕಾಲು ಭಾಗ ಸೇರಿಸಬೇಕು ಎಂದಿಟ್ಟುಕೊಂಡರೆ, ಅದು 45 ನಿಮಿಷ ಎಂದು ತೋರಿಸಿದರೆ 56 ನಿಮಿಷದಲ್ಲಿ ತಲುಪುತ್ತೀರಿ. 45ಕ್ಕಿಂತ ಹೆಚ್ಚು ತೋರಿಸಿದ ಜೋಡಿಯನ್ನು ಒಂದೇ ದಿನಕ್ಕೆ ಹಾಕಬೇಡಿ. ಮೂರನೆಯ ಕಾಲೇಜಿನ ಮಾತೇ ಬೇಡ.

ಈ ಹೊತ್ತಿನ ಇಕ್ಕಟ್ಟು ತಪ್ಪಿಸಲು ಜನ ಮೊದಲು ಕತ್ತರಿ ಹಾಕುವುದು ಆ ಒಂದು ಗಂಟೆಯ ಸ್ವಂತ ಸುತ್ತಾಟಕ್ಕೆ. ಅದು ದೊಡ್ಡ ತಪ್ಪು. ಟೂರ್ ಎಂದರೆ ಕಾಲೇಜು ತೋರಿಸಬೇಕೆಂದಿರುವುದು. ವಿಭಾಗದ ನೋಟಿಸ್ ಬೋರ್ಡ್, ಪ್ರಯೋಗಾಲಯದ ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿ, ಹಾಸ್ಟೆಲ್‌ನಿಂದ ತರಗತಿಗೆ ನಿಜವಾಗಿ ಎಷ್ಟು ನಡೆಯಬೇಕು, ಸಂಜೆ ಬಸ್ಸು ಎಷ್ಟೊತ್ತಿಗೊಂದು ಎಂಬುದೆಲ್ಲ ಸಿಗುವುದು ಈ ಗಂಟೆಯಲ್ಲಿ. ಬೇಕಾದರೆ ಒಂದು ಕಾಲೇಜನ್ನೇ ಕೈಬಿಡಿ, ಈ ಗಂಟೆಯನ್ನು ಬಿಡಬೇಡಿ.

ದಿನಾಂಕ ಗೊತ್ತುಮಾಡುವಾಗ ಪರೀಕ್ಷೆ ಮತ್ತು ರಜೆಯ ವಾರಗಳನ್ನು ಕಾಲೇಜಿನ ಕ್ಯಾಲೆಂಡರ್‌ನಲ್ಲಿ ನೋಡಿ ಟೇಬಲ್‌ನಲ್ಲಿ ಬರೆದಿಡಬೇಕು. ಖಾಲಿ ಕ್ಯಾಂಪಸ್ ನೋಡಿ ಬಂದರೆ ಕಟ್ಟಡ ನೋಡಿದಂತಾಗುತ್ತದೆ, ಕಾಲೇಜು ನೋಡಿದಂತಾಗುವುದಿಲ್ಲ. ಇನ್ನು ಓಡಿಸುವವರ ವಿಷಯ. ಎರಡು ಗಂಟೆ ಓಡಿಸಿದರೆ ಹದಿನೈದು ನಿಮಿಷ ನಿಲ್ಲಿಸಬೇಕು. ನಾಲ್ಕು ಗಂಟೆಯ ದಾರಿ ಎಂದರೆ ನಕ್ಷೆಯಲ್ಲಿ ನಾಲ್ಕೂಕಾಲು ಎಂದೇ ಬರೆಯಿರಿ.

ಮಗಳಿಗೆ ತಿದ್ದುವ ಅಧಿಕಾರ ಕೊಡಿ

ಈ ಸಾಧನದ ನಿಜವಾದ ಬೆಲೆ ಇಲ್ಲಿದೆ. ಹಂಚಿಕೊಳ್ಳುವಾಗ ನೋಡುವುದಕ್ಕೆ ಮಾತ್ರ ಎಂದು ಕೊಟ್ಟರೆ ಆ ನಕ್ಷೆ ಅಪ್ಪ ಅಮ್ಮನ ಯೋಜನೆಯಾಗಿಯೇ ಉಳಿಯುತ್ತದೆ. ತಿದ್ದುವ ಅಧಿಕಾರ ಕೊಟ್ಟರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಒಂಬತ್ತನೆಯ ಕಾಲೇಜು ಬೇಕು ಎಂದು ಹಟ ಹಿಡಿದರೆ ಬೇಡ ಎನ್ನುವ ಅಗತ್ಯ ಬೀಳುವುದಿಲ್ಲ. ನೀನೇ ದಾರಿಗೆ ಸೇರಿಸು, ಯಾವ ದಿನ ಮುರಿಯುತ್ತದೆ ನೋಡು ಎಂದರೆ ಸಾಕು. ಎಷ್ಟೋ ಸಲ ಮಕ್ಕಳೇ ದೊಡ್ಡವರು ಸೇರಿಸಿದ ಒಂದನ್ನು ತೆಗೆದು ಜಾಗ ಮಾಡಿಕೊಳ್ಳುತ್ತಾರೆ, ಕಾರಣವನ್ನೂ ಟಿಪ್ಪಣಿಯಲ್ಲಿ ಬರೆಯುತ್ತಾರೆ. ಆ ಕಾರಣ ಓದುವುದು ಪ್ರವಾಸಕ್ಕಿಂತ ಮೊದಲೇ ಸಿಗುವ ಲಾಭ.

ಅವರ ಲೇಯರ್‌ನಲ್ಲಿ ಅವರು ಏನು ಹಾಕುತ್ತಾರೋ ಹಾಕಲಿ: ಗ್ರಂಥಾಲಯ, ಆಟದ ಮೈದಾನ, ಸಂಗೀತದ ಕೊಠಡಿ, ಹತ್ತಿರದ ರೈಲು ನಿಲ್ದಾಣ. ಹೋಗುವ ಮೊದಲಿನ ಆಸಕ್ತಿಯ ಅಂಕಿಯನ್ನು ಅವರೇ ತುಂಬಬೇಕು, ದೊಡ್ಡವರು ಅದನ್ನು ಮುಟ್ಟಬಾರದು.

ತಿದ್ದುವ ಅಧಿಕಾರದ ಜೊತೆ ಒಂದು ಅಪಾಯವೂ ಬರುತ್ತದೆ. ಬದಲಾವಣೆ ತಾನಾಗಿ ಸೇವ್ ಆಗುತ್ತದೆ, ಆದರೆ ಗೂಗಲ್ ಡಾಕ್ಸ್‌ನಲ್ಲಿ ಇರುವಂತೆ ಹಳೆಯ ಆವೃತ್ತಿಗೆ ಮರಳುವ ದಾರಿ ಇಲ್ಲ. ಒಂದು ಲೇಯರ್ ಅಳಿಸಿ ಕಿಟಕಿ ಮುಚ್ಚಿದರೆ ಅದು ಹೋದಂತೆಯೇ. ದೊಡ್ಡ ಬದಲಾವಣೆಗೆ ಮುಂಚೆ ಮೆನುವಿನ 'ಕಾಪಿ ಮ್ಯಾಪ್' ಒತ್ತಿ, ಹೆಸರಿಗೆ ದಿನಾಂಕ ಸೇರಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಶಾಲೆ ಕೊಟ್ಟ ಗೂಗಲ್ ಖಾತೆಯಲ್ಲಿ ಮೈ ಮ್ಯಾಪ್ಸ್ ತೆರೆಯದೇ ಇರಬಹುದು. ಶಾಲೆಯ ನಿರ್ವಾಹಕರು ಅದನ್ನು ಮುಚ್ಚಿಟ್ಟಿರಲು ಸಾಧ್ಯವಿದೆ, ಮಗುವಿನ ಸ್ವಂತ ಖಾತೆಯನ್ನೇ ಬಳಸಿ. ಕೊಂಡಿ ಇದ್ದ ಯಾರು ಬೇಕಾದರೂ ನೋಡಬಹುದು ಎಂಬ ಆಯ್ಕೆ ಹಾಕಿದ್ದರೆ ತಂಗುವ ಜಾಗ, ರಾತ್ರಿಯ ದಿನಾಂಕ, ಮಗುವಿನ ಪೂರ್ತಿ ಹೆಸರು ಆ ನಕ್ಷೆಯಲ್ಲಿ ಇರಕೂಡದು.

ರಸ್ತೆಗಿಳಿದ ಮೇಲೆ

ಮೈ ಮ್ಯಾಪ್ಸ್‌ನಲ್ಲಿ ಎಳೆದ ದಾರಿ ಬರೀ ಚಿತ್ರ. ಗೆರೆಯನ್ನು ಹಿಡಿದೆಳೆದು ನಿಮಗೆ ಬೇಕಾದ ರಸ್ತೆಗೆ ತಂದಿಟ್ಟಿದ್ದರೂ, ಫೋನಿನಲ್ಲಿ ದಾರಿ ಕೇಳಿದಾಗ ಗೂಗಲ್ ಮ್ಯಾಪ್ಸ್ ಹೊಸದಾಗಿ ಲೆಕ್ಕ ಹಾಕಿ ತನಗೆ ತೋಚಿದ ರಸ್ತೆಯಲ್ಲಿ ಕರೆದೊಯ್ಯುತ್ತದೆ. ಪಾರ್ಕಿಂಗ್ ಪಿನ್ ಒತ್ತಿ, ಅಲ್ಲಿಂದ ಡೈರೆಕ್ಷನ್ಸ್ ಒತ್ತಿ, ಒಂದು ಸಲಕ್ಕೆ ಒಂದೇ ತುಂಡು ಓಡಿಸುವುದು ಉತ್ತಮ. ಬೇಕೇ ಬೇಕಾದ ರಸ್ತೆ ಇದ್ದರೆ ಅದರ ಮೇಲಿನ ಯಾವುದಾದರೂ ಜಾಗವನ್ನು ನಿಲುಗಡೆಯಾಗಿ ಸೇರಿಸಿ.

ನೆಟ್‌ವರ್ಕ್ ಇಲ್ಲದ ಕಡೆ ಮೈ ಮ್ಯಾಪ್ಸ್ ತೆರೆಯುತ್ತದೆಂದು ನೆಚ್ಚಿಕೊಳ್ಳಬೇಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಆ ಪ್ರದೇಶವನ್ನು ಆಫ್‌ಲೈನ್ ಆಗಿ ಇಳಿಸಿಕೊಂಡಿದ್ದರೆ ಕಾರಿನ ದಾರಿ ಸಿಗುತ್ತದೆ. ದಟ್ಟಣೆಯ ಮಾಹಿತಿ ಇರುವುದಿಲ್ಲ, ಕಾಲ್ನಡಿಗೆಯ ದಾರಿಯೂ ಸಿಗುವುದಿಲ್ಲ. ಕ್ಯಾಂಪಸ್‌ನೊಳಗೆ ಬೇಕಾಗಿರುವುದು ಅದೇ. ಈ ಕೊರತೆ ತುಂಬಲು ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆ್ಯಪ್ ಜೊತೆಗಿರಲಿ. ಅದು ಆಸಕ್ತರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯನ್ನು ಫೋನಿಗೇ ಇಳಿಸಿಕೊಂಡು, ನೆಟ್ ಇಲ್ಲದೆಯೂ ಕಾಲುದಾರಿ ತೋರಿಸುತ್ತದೆ. ಮೈ ಮ್ಯಾಪ್ಸ್‌ನಿಂದ ಕೆಎಂಎಲ್ (ನಕ್ಷೆಯ ಪಿನ್, ಗೆರೆಗಳನ್ನು ಹೊತ್ತ) ಫೈಲ್ ಎಕ್ಸ್‌ಪೋರ್ಟ್ ಮಾಡಿ ಆ ಆ್ಯಪ್‌ನಲ್ಲಿ ತೆರೆದರೆ ಎಲ್ಲ ಪಿನ್‌ಗಳೂ ಅಲ್ಲಿಗೆ ಬರುತ್ತವೆ. ಆಸಕ್ತರು ಚೆನ್ನಾಗಿ ಗುರುತಿಸಿರುವ ಕ್ಯಾಂಪಸ್ ಆದರೆ ಒಂದೊಂದು ಕಟ್ಟಡದ ಹೆಸರು, ಮೆಟ್ಟಿಲು, ಅಡ್ಡದಾರಿ ಕೂಡ ಕಾಣುತ್ತದೆ. ಯಾರೂ ಗುರುತಿಸದ ಕಡೆ ಬೋಳಾಗಿರುತ್ತದೆ. ಹಿಂದಿನ ರಾತ್ರಿಯೇ ತೆರೆದು ನೋಡಿಕೊಳ್ಳುವುದು ಕ್ಷೇಮ.

ಪ್ರತಿ ದಿನದ ದಾರಿಯನ್ನು 'ಪ್ರಿಂಟ್ ಮ್ಯಾಪ್' ಮೂಲಕ ಪಿಡಿಎಫ್ ಮಾಡಿ ಎರಡೂ ಫೋನಿನಲ್ಲಿ ಇಟ್ಟುಕೊಂಡರೆ ಸಾಕು, ಕಾಗದ ಬೇಕೆನಿಸಿದವರು ಮುದ್ರಿಸಿಕೊಳ್ಳಬಹುದು.

ಹೋಗಿಬಂದ ಮೇಲಿನ ಆಸಕ್ತಿಯ ಕಾಲಮ್ ತುಂಬುವುದು ಅದೇ ರಾತ್ರಿ, ತಂಗಿದ ಜಾಗದಲ್ಲಿ. ಫೋನಿನ ಆ್ಯಪ್‌ನಲ್ಲಿ ತಿದ್ದಲಾಗದ ಕಾರಣ ಲ್ಯಾಪ್‌ಟಾಪ್ ಜೊತೆಗಿರಬೇಕು, ಇಲ್ಲದಿದ್ದರೆ ಕಾಗದದಲ್ಲಿ ಬರೆದು ಆಮೇಲೆ ಏರಿಸಬೇಕು. ಮಗು ಅಂಕಿ ಬರೆಯುವ ತನಕ ದೊಡ್ಡವರು ಆ ಕಾಲೇಜಿನ ಬಗ್ಗೆ ಬಾಯಿ ಬಿಡಬಾರದು. ಅಪ್ಪನಿಗೆ ಇಷ್ಟವಾಯಿತು ಎಂದು ಗೊತ್ತಾದ ಮೇಲೆ ಬರುವ ನಾಲ್ಕಕ್ಕೂ, ಅದಕ್ಕೆ ಮುಂಚೆ ಬರುವ ನಾಲ್ಕಕ್ಕೂ ತೂಕ ಬೇರೆ. ಐದನೆಯ ದಿನ ಬಣ್ಣವನ್ನು ಆ ಹೊಸ ಕಾಲಮ್‌ಗೆ ತಿರುಗಿಸಿ, ಹೋಗುವ ಮೊದಲಿನ ಆಸಕ್ತಿಯ ಬಣ್ಣವಿರುವ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡಿ. ಹಸಿರಿದ್ದದ್ದು ಕೆಂಪಾದ ಪಿನ್‌ಗಳನ್ನೂ ಕೆಂಪಿದ್ದದ್ದು ಹಸಿರಾದ ಪಿನ್‌ಗಳನ್ನೂ ಬೇರೆ ಮಾಡಿ, ಅರ್ಜಿ ತುಂಬುವ ಮಾತನ್ನು ಅವುಗಳಿಂದಲೇ ಶುರುಮಾಡಿ.